ಮೈಸೂರಿಗೂ ಬಂದಿದ್ದ ಬಂಗಾಳದ ಹುಲಿ

ನಮ್ಮ ಶಾಲೆಯ ವಿಜ್ಞಾನ ಕೊಠಡಿಯ ಗೋಡೆಯ ಮೇಲೆ ಸರ್ ಸಿ.ವಿ. ರಾಮನ್ ಅವರ ಒಂದು ಪಟವಿತ್ತು. ಮಳೆ ನೀರು ಇಳಿದು ಅದರ ಒಂದು ಮೂಲೆ ಕಂದು ಬಣ್ಣಕ್ಕೆ ತಿರುಗಿತ್ತು. ಪ್ರತಿವರ್ಷ ಫೆಬ್ರವರಿ 28ರಂದು ಆ ಪಟಕ್ಕೆ ಹಾರ ಹಾಕಿ, ರಾಮನ್ ಅವರು ಸರ್ಕಾರದ ಹಣಕಾಸು ಇಲಾಖೆಯ ದೊಡ್ಡ ಹುದ್ದೆ ಬಿಟ್ಟು ಅದರ ಅರ್ಧದಷ್ಟು ಸಂಬಳಕ್ಕೆ ಕಲ್ಕತ್ತದಲ್ಲಿ ಮೇಷ್ಟ್ರಾದ ಕಥೆಯನ್ನು ನಮ್ಮ ವಿಜ್ಞಾನದ ಮೇಷ್ಟ್ರು ಹೇಳುತ್ತಿದ್ದರು. ಕೆಲಸ ಬಿಟ್ಟದ್ದು ಸರಿ, ಹೊಸ ಕೆಲಸ ಕೊಟ್ಟವರು ಯಾರು ಎಂದು ಕೇಳುವ ಧೈರ್ಯ ಒಂಬತ್ತನೇ ತರಗತಿಯ ನನಗೆ ಇರಲಿಲ್ಲ. ಬಿ.ಇ. ಮುಗಿಸಿ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿ, ನಾಲ್ಕು ಇಂಟರ್‌ವ್ಯೂ ಕೊಟ್ಟು ಹತ್ತು ಇಂಟರ್‌ವ್ಯೂ ತೆಗೆದುಕೊಂಡ ಮೇಲೆ ಆ ಪ್ರಶ್ನೆ ಮತ್ತೆ ನೆನಪಾಯಿತು. ಒಬ್ಬನನ್ನು ಸರಿಯಾಗಿ ಗುರುತಿಸಿ ಕೆಲಸಕ್ಕೆ ತೆಗೆದುಕೊಳ್ಳುವುದು ಎಷ್ಟು ಕಷ್ಟವೆಂದು ಆಗ ಗೊತ್ತಾಗಿತ್ತು.

ರಾಮನ್ ಅವರನ್ನು ಕರೆದವರು ಸರ್ ಆಶುತೋಷ್ ಮುಖರ್ಜಿ. ಕಾನೂನು ಪಂಡಿತರು, ಹೈಕೋರ್ಟ್ ನ್ಯಾಯಾಧೀಶರು, ಕಲ್ಕತ್ತ ವಿಶ್ವವಿದ್ಯಾನಿಲಯದ ಕುಲಪತಿಗಳು. ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದಾಗ, ನನ್ನ ಬಗ್ಗೆ ಬರೆಯುವುದಕ್ಕಿಂತ ಇವರ ಬಗ್ಗೆ ಬರೆಯುವುದು ವಾಸಿ ಎನಿಸಿತು.

ಆಶುತೋಷರು ಹುಟ್ಟಿದ್ದು 1864ರ ಜೂನ್ 29ರಂದು, ಕಲ್ಕತ್ತದ ಬೌಬಜಾರಿನಲ್ಲಿ. ತಂದೆ ಗಂಗಾಪ್ರಸಾದರು ವೈದ್ಯರು, ತಾಯಿ ಜಗತ್ತಾರಿಣಿ ದೇವಿ. ಮನೆತನ ಹೂಗ್ಲಿ ಜಿಲ್ಲೆಯ ಜಿರಾಟ್ ಎಂಬ ಹಳ್ಳಿಯದು. ಹುಡುಗನಿಗೆ ಗಣಿತದ ಹುಚ್ಚು. ಕಾಲೇಜು ಮೆಟ್ಟಿಲು ಹತ್ತುವ ವಯಸ್ಸಿನಲ್ಲೇ ಯೂಕ್ಲಿಡ್‌ನ ಒಂದು ಪ್ರಮೇಯಕ್ಕೆ ಹೊಸ ಸಾಧನೆ ಬರೆದರು, ಅದು ಇಂಗ್ಲೆಂಡಿನ ಗಣಿತ ಪತ್ರಿಕೆಯಲ್ಲಿ ಅಚ್ಚಾಯಿತು. ನಾವು ಹತ್ತನೇ ತರಗತಿಯಲ್ಲಿ ಪ್ರಮೇಯಗಳನ್ನು ಉರು ಹೊಡೆಯುತ್ತಿದ್ದ ವಯಸ್ಸಿಗೆ ಅದು ಒಂದೆರಡು ವರ್ಷ ಮಾತ್ರ ಹೆಚ್ಚು. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ 1885ರಲ್ಲಿ ಗಣಿತದ ಎಂ.ಎ., ಮರುವರ್ಷವೇ ಭೌತಶಾಸ್ತ್ರದ ಎಂ.ಎ. ಮುಗಿಸಿದರು. ಪ್ರೇಮಚಂದ್ ರಾಯ್‌ಚಂದ್ ವಿದ್ಯಾರ್ಥಿವೇತನವೂ ಬಂತು. ಅವಕಲ ಸಮೀಕರಣಗಳ ಮೇಲೆ ಅವರು ಬರೆದ ಲೇಖನಗಳನ್ನು ಹೊರದೇಶದ ಗಣಿತಜ್ಞರು ಗಮನಿಸಿದರು.

ಇಂಥವರು ಗಣಿತದ ಪ್ರೊಫೆಸರಾಗಬೇಕಿತ್ತು. ಆಗಲಿಲ್ಲ. ಆಗಿನ ಸರ್ಕಾರಿ ಕಾಲೇಜುಗಳಲ್ಲಿ ಯುರೋಪಿಯನ್ನರಿಗೆ ಒಂದು ದರ್ಜೆ, ಒಂದು ಸಂಬಳ. ಭಾರತೀಯರಿಗೆ ಅದಕ್ಕಿಂತ ಕೆಳಗಿನ ದರ್ಜೆ, ಕಡಿಮೆ ಸಂಬಳ. ಸಮಾನ ದರ್ಜೆಯಿಲ್ಲದ ಕೆಲಸ ತಮಗೆ ಬೇಡವೆಂದು ಆಶುತೋಷರು ಬಿಟ್ಟರು. ಸಂಶೋಧನೆ ಮಾಡಿಕೊಂಡಿರಲು ಒಂದು ಪೀಠವನ್ನು ಕಟ್ಟಿಕೊಡುವಷ್ಟು ಹಣ ವಿಶ್ವವಿದ್ಯಾನಿಲಯದಲ್ಲಿ ಇರಲಿಲ್ಲ. ಹೀಗೆ ಗಣಿತ ಪಕ್ಕಕ್ಕೆ ಸರಿದು ಕಾನೂನು ಮುಂದೆ ಬಂತು. 1888ರಲ್ಲಿ ವಕೀಲಿಗೆ ಸೇರಿದರು, 1894ರಲ್ಲಿ ಕಾನೂನಿನಲ್ಲಿ ಡಾಕ್ಟರೇಟ್ ಪಡೆದರು. ಇಪ್ಪತ್ತು ವರ್ಷಗಳ ನಂತರ ಅವರು ಪೀಠದ ಮೇಲೆ ಪೀಠ ಸ್ಥಾಪಿಸುತ್ತಾ ಹೋದದ್ದನ್ನು ನೋಡಿದರೆ, ತನಗೆ ಸಿಗದೇ ಹೋದದ್ದನ್ನು ಅವರು ಮರೆತಿರಲಿಲ್ಲ ಎಂದೇ ನನ್ನ ಎಣಿಕೆ.

1898ರಲ್ಲಿ ಅವರು ಟ್ಯಾಗೋರ್ ಕಾನೂನು ಪ್ರೊಫೆಸರ್ ಆದರು. ಇದು ಕವಿ ರವೀಂದ್ರರ ಹೆಸರಿನದಲ್ಲ, ಪ್ರಸನ್ನ ಕುಮಾರ್ ಟ್ಯಾಗೋರ್ ಎಂಬ ಶ್ರೀಮಂತರು ಬಿಟ್ಟುಹೋದ ದತ್ತಿಯಿಂದ ನಡೆಯುವ ಉಪನ್ಯಾಸ ಪೀಠ. ಆಶುತೋಷರು ಆರಿಸಿಕೊಂಡ ವಿಷಯ ಸ್ವಲ್ಪ ಒಣಗಿದ್ದೆಂದು ತೋರಬಹುದು: ಆಸ್ತಿಯನ್ನು ತಲೆತಲಾಂತರಕ್ಕೆ ಕಟ್ಟಿಹಾಕುವುದರ ವಿರುದ್ಧ ಇರುವ ಕಾನೂನು. ಸತ್ತವನೊಬ್ಬ ಉಯಿಲು ಬರೆದಿಟ್ಟು, ಇನ್ನೂ ಹುಟ್ಟದ ಮೊಮ್ಮಕ್ಕಳ ಮೊಮ್ಮಕ್ಕಳವರೆಗೆ ಆಸ್ತಿ ಹೀಗೇ ಇರಬೇಕೆಂದು ಷರತ್ತು ಹಾಕಬಹುದೇ? ಹಾಗೆ ಬಿಟ್ಟರೆ ಬದುಕಿರುವವರ ಕೈಯಲ್ಲಿ ಏನೂ ಉಳಿಯುವುದಿಲ್ಲವೆಂದು ಕಾನೂನು ಅದಕ್ಕೊಂದು ಗಡಿ ಹಾಕುತ್ತದೆ. ಆದರೆ ವಿದ್ಯೆ, ಧರ್ಮ, ಆರೋಗ್ಯ ಮುಂತಾದ ಸಾರ್ವಜನಿಕ ಹಿತಕ್ಕೆ ಕೊಟ್ಟ ಆಸ್ತಿಗೆ ಆ ಗಡಿ ಇಲ್ಲ. ಈ ಮಾತು ಮುಂದೆ ಉಪಯೋಗಕ್ಕೆ ಬರುತ್ತದೆ, ಓದುಗರು ನೆನಪಿನಲ್ಲಿಡಬೇಕು.

1904ರಲ್ಲಿ ಕಲ್ಕತ್ತ ಹೈಕೋರ್ಟಿನ ನ್ಯಾಯಾಧೀಶರಾದರು. ಅದೇ ವರ್ಷ ಲಾರ್ಡ್ ಕರ್ಜನ್ ಸರ್ಕಾರ ವಿಶ್ವವಿದ್ಯಾನಿಲಯಗಳ ಕಾಯ್ದೆ ತಂದಿತು. ವಿಶ್ವವಿದ್ಯಾನಿಲಯಗಳನ್ನು ಸರ್ಕಾರದ ಮುಷ್ಟಿಯಲ್ಲಿ ಹಿಡಿಯುವ ಕಾಯ್ದೆಯೆಂದು ಗೋಖಲೆಯಂಥವರು ವಿರೋಧಿಸಿದ್ದರು. ಅದು ಸುಳ್ಳೂ ಅಲ್ಲ. ಆದರೆ ಅದೇ ಕಾಯ್ದೆಯಲ್ಲಿ ವಿಶ್ವವಿದ್ಯಾನಿಲಯವೇ ಪಾಠ ಹೇಳಬಹುದು, ಪ್ರೊಫೆಸರುಗಳನ್ನು ನೇಮಿಸಿಕೊಳ್ಳಬಹುದು ಎಂಬ ಅವಕಾಶವೂ ಇತ್ತು. 1857ರಿಂದ ಅಲ್ಲಿಯವರೆಗೆ ಕಲ್ಕತ್ತ ವಿಶ್ವವಿದ್ಯಾನಿಲಯವೆಂದರೆ ಮುಖ್ಯವಾಗಿ ಪರೀಕ್ಷೆ ನಡೆಸಿ ಪದವಿ ಕೊಡುವ ಕಚೇರಿ. 1906ರಲ್ಲಿ ಕುಲಪತಿಯಾಗಿ ಬಂದ ಆಶುತೋಷರು ಕಾಯ್ದೆಯ ಆ ಒಂದು ಸಂದಿಯಲ್ಲಿ ಕೈ ತೂರಿಸಿ ಇಡೀ ಬಾಗಿಲನ್ನೇ ತೆರೆದರು. ಎರಡೆರಡು ವರ್ಷಗಳ ನಾಲ್ಕು ಅವಧಿ, 1914ರವರೆಗೆ ಅವರೇ ಕುಲಪತಿ. ಅದಕ್ಕೆ ಸಂಬಳವಿಲ್ಲ. ಹಗಲು ಹೈಕೋರ್ಟಿನಲ್ಲಿ ತೀರ್ಪು, ಸಂಜೆ ವಿಶ್ವವಿದ್ಯಾನಿಲಯದ ಕಡತ. 1908ರಲ್ಲಿ ಕಲ್ಕತ್ತ ಗಣಿತ ಸಂಘ, 1909ರಲ್ಲಿ ವಿಶ್ವವಿದ್ಯಾನಿಲಯದ್ದೇ ಆದ ಕಾನೂನು ಕಾಲೇಜು.

ಹಣ ಎಲ್ಲಿಂದ? ನಮ್ಮ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಶಾಲೆಯ ಹೊಸ ಪ್ರಯೋಗಾಲಯಕ್ಕೆ ಹಣ ಕೂಡಿಸುವ ಮಾತು ಆರು ತಿಂಗಳಿಂದ ನಡೆದಿದೆ. ಅದರಲ್ಲಿ ಅರ್ಧ ಚರ್ಚೆ ಕಲ್ಲಿನ ಮೇಲೆ ಯಾರ ಹೆಸರು ಮೊದಲು ಬರಬೇಕು ಎಂಬುದರ ಮೇಲೆಯೇ. ಹಾಗಾಗಿ ಈ ಭಾಗವನ್ನು ನಾನು ಆಸೆಯಿಂದ ಓದಿದೆ. ಆಶುತೋಷರು ಹಿಡಿದದ್ದು ತಮ್ಮದೇ ವೃತ್ತಿಯ ಇಬ್ಬರನ್ನು. ಬ್ಯಾರಿಸ್ಟರ್ ತಾರಕನಾಥ ಪಾಲಿತ್ 1912ರಲ್ಲಿ ಹಣ, ಮನೆ, ಜಾಗ ಎಲ್ಲ ಸೇರಿ ಸುಮಾರು 15 ಲಕ್ಷ ರೂಪಾಯಿ ಬೆಲೆಯ ಆಸ್ತಿ ಕೊಟ್ಟರು. ವಕೀಲ ರಾಸ್‌ಬಿಹಾರಿ ಘೋಷ್ 1913ರಲ್ಲಿ 10 ಲಕ್ಷ ಕೊಟ್ಟರು. ಇಬ್ಬರ ಷರತ್ತೂ ಒಂದೇ: ಈ ಪೀಠಗಳಲ್ಲಿ ಕೂರುವವರು ಭಾರತೀಯರೇ ಆಗಿರಬೇಕು. ಎಂದೆಂದಿಗೂ ಉಳಿಯುವ ದತ್ತಿಯನ್ನು ಬರೆಸುವುದು ಹೇಗೆಂದು ಆ ವಿಷಯದ ಮೇಲೆ ಉಪನ್ಯಾಸ ಕೊಟ್ಟವರಿಗಿಂತ ಚೆನ್ನಾಗಿ ಬಲ್ಲವರು ಯಾರು! ಅವಧಿ ಮುಗಿಯಲು ಕೆಲವೇ ದಿನ ಉಳಿದಿದ್ದಾಗ, 1914ರ ಮಾರ್ಚ್ 27ರಂದು ಸೈನ್ಸ್ ಕಾಲೇಜಿಗೆ ಅಡಿಗಲ್ಲು ಹಾಕಿದರು.

ಆ ಕಾಲೇಜಿಗೆ ಬಂದವರನ್ನು ನೋಡಿ. ರಸಾಯನಶಾಸ್ತ್ರಕ್ಕೆ ಪ್ರಫುಲ್ಲಚಂದ್ರ ರೇ. ಭೌತಶಾಸ್ತ್ರಕ್ಕೆ ರಾಮನ್. ಪಾಲಿತ್ ಪ್ರೊಫೆಸರಾಗುವವರು ಮೊದಲು ಹೊರದೇಶಕ್ಕೆ ಹೋಗಿ ತರಬೇತಿ ಪಡೆದು ಬರಬೇಕೆಂಬ ನಿಯಮವಿತ್ತು. ರಾಮನ್ ಒಪ್ಪಲಿಲ್ಲ. ಆಶುತೋಷರು ನಿಯಮವನ್ನೇ ಸಡಿಲಿಸಿ 1917ರಲ್ಲಿ ಅವರನ್ನು ಕರೆತಂದರು. ಸತ್ಯೇಂದ್ರನಾಥ ಬೋಸ್, ಮೇಘನಾದ ಸಹಾ ಆಗ ತಾನೇ ಎಂ.ಎಸ್ಸಿ. ಮುಗಿಸಿ ಕೆಲಸವಿಲ್ಲದೆ ಇದ್ದ ಹುಡುಗರು. ಹೊಸ ಭೌತಶಾಸ್ತ್ರವನ್ನು ಕಲಿಸುವ ಆಸೆ ನಮಗಿದೆ ಎಂದು ಹೇಳಿಕೊಳ್ಳಲು ಆಶುತೋಷರ ಮನೆಯ ಗ್ರಂಥಾಲಯಕ್ಕೇ ಹೋದರು. ಆಗ ಆ ಪಾಠ ಹೇಳಲು ಬೇಕಾದ ಪುಸ್ತಕಗಳೂ ಅವರಲ್ಲಿ ಸರಿಯಾಗಿ ಇರಲಿಲ್ಲ. ಆಶುತೋಷರು ಓದಿಕೊಂಡು ಬನ್ನಿ, ಪಾಠ ಹೇಳಿ ಎಂದು ಕೆಲಸ ಕೊಟ್ಟರು. ಮೂರು ನಾಲ್ಕು ವರ್ಷಗಳಲ್ಲಿ ಅವರಿಬ್ಬರೂ ಜರ್ಮನ್ ಕಲಿತು ಐನ್‌ಸ್ಟೈನರ ಸಾಪೇಕ್ಷತಾ ಲೇಖನಗಳನ್ನು ಇಂಗ್ಲಿಷಿಗೆ ತಂದರು. ಅದನ್ನು 1920ರಲ್ಲಿ ಅದೇ ವಿಶ್ವವಿದ್ಯಾನಿಲಯ ಅಚ್ಚುಹಾಕಿತು. ಅನುಭವವಿಲ್ಲದ ಇಬ್ಬರನ್ನು ಬರೀ ಆಸೆ ನೋಡಿ ತೆಗೆದುಕೊಳ್ಳುವುದು ನನ್ನ ಕೈಲಿ ಆದೀತೇ? ನಾನು ಇಂಟರ್‌ವ್ಯೂ ಮಾಡುವಾಗ ಕೇಳುವ ಮೊದಲ ಪ್ರಶ್ನೆಯೇ ಎಷ್ಟು ವರ್ಷದ ಅನುಭವ ಎಂಬುದು.

ಈಗ ನಮ್ಮ ನಾಡಿನ ಸಂಬಂಧ. ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲಿ ಹುಟ್ಟಿತಷ್ಟೆ. 1918ರಲ್ಲಿ ಅದರ ಮೊದಲ ಘಟಿಕೋತ್ಸವಕ್ಕೆ ಭಾಷಣ ಮಾಡಲು ಕಲ್ಕತ್ತದಿಂದ ಬಂದವರು ಇದೇ ಆಶುತೋಷರು. ಆ ಹೊತ್ತಿಗೆ ಮಹಾರಾಜ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಹೇಳುತ್ತಿದ್ದವರು ಮೂವತ್ತರ ಹರೆಯದ ಎಸ್. ರಾಧಾಕೃಷ್ಣನ್. ಮುಂದೆ ಕಲ್ಕತ್ತದ ತತ್ತ್ವಶಾಸ್ತ್ರ ಪೀಠದಲ್ಲಿದ್ದ ಬ್ರಜೇಂದ್ರನಾಥ ಸೀಲ್ ಅವರು ಮೈಸೂರಿಗೆ ಕುಲಪತಿಯಾಗಿ ಬಂದರು. ತೆರವಾದ ಆ ಪೀಠಕ್ಕೆ 1921ರಲ್ಲಿ ಆಶುತೋಷರು ಮೈಸೂರಿನಿಂದ ರಾಧಾಕೃಷ್ಣನ್ ಅವರನ್ನು ಕರೆಸಿಕೊಂಡರು. ವಿದ್ಯಾರ್ಥಿಗಳು ಹೂವಿನ ಗಾಡಿಯಲ್ಲಿ ಗುರುಗಳನ್ನು ಕೂರಿಸಿ, ತಾವೇ ಎಳೆದುಕೊಂಡು ಮೈಸೂರಿನ ರೈಲು ನಿಲ್ದಾಣಕ್ಕೆ ಹೋದ ಕಥೆಯನ್ನು ಶಿಕ್ಷಕರ ದಿನದಂದು ನಾವೆಲ್ಲ ಕೇಳಿದ್ದೇವೆ. ಆ ರೈಲು ಯಾರ ಕರೆಯ ಮೇಲೆ ಹೊರಟಿತ್ತು ಎಂಬುದನ್ನು ಮಾತ್ರ ಯಾರೂ ಹೇಳಿರಲಿಲ್ಲ.

ಅವರನ್ನು ದೇವರು ಮಾಡುವುದು ಬೇಡ. ಎಲ್ಲ ಸಮಿತಿಗಳಲ್ಲೂ ಅವರೇ, ಎಲ್ಲ ನೇಮಕದಲ್ಲೂ ಅವರ ಮಾತೇ ಎಂಬ ದೂರು ಇತ್ತು. ಇನ್ನೊಂದು ದೂರು, ಪರೀಕ್ಷೆಗಳನ್ನು ಸಲೀಸು ಮಾಡಿ ಪದವೀಧರರ ಸಂತೆ ಹಾಕಿದರು ಎಂಬುದು. ಇತಿಹಾಸಕಾರ ಜದುನಾಥ ಸರ್ಕಾರರಂಥ ದೊಡ್ಡವರೇ ಅವರ ಆಡಳಿತವನ್ನು ಕಟುವಾಗಿ ಟೀಕಿಸಿದರು. ಮೊದಲ ದೂರಿನಲ್ಲಿ ಹುರುಳಿದೆ ಎಂದೇ ನನಗನಿಸುತ್ತದೆ. ಒಬ್ಬನೇ ಹೊತ್ತು ನಿಂತ ಚಪ್ಪರ ಅವನು ಸರಿದ ದಿನ ವಾಲುತ್ತದೆ. ಎರಡನೆಯದಕ್ಕೆ ನಾನು ಒಪ್ಪಲಾರೆ. ನನ್ನ ಪಕ್ಕದ ಬೆಂಚಿನವನು ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಪಾಸಾದದ್ದು ಕೃಪಾಂಕದಿಂದ. ಅವತ್ತು ನಪಾಸಾಗಿದ್ದರೆ ಮನೆಯವರು ಓದು ಬಿಡಿಸುತ್ತಿದ್ದರು. ಅವನು ಇವತ್ತು ಇನ್ನೊಂದು ತಾಲ್ಲೂಕಿನ ಸರ್ಕಾರಿ ಶಾಲೆಯಲ್ಲಿ ಮೇಷ್ಟ್ರು, ಅದೂ ಗಣಿತಕ್ಕೇ. ನಾನೋ ಗಣಿತದಲ್ಲಿ ತೊಂಬತ್ತರ ಮೇಲೆ ತೆಗೆದವನು, ನನ್ನ ಮಗಳನ್ನು ಬೆಂಗಳೂರಿನ ಖಾಸಗಿ ಶಾಲೆಗೆ ಸೇರಿಸಿದ್ದೇನೆ. ಈ ಸಂಚಿಕೆಯಲ್ಲಿ ಸರ್ಕಾರಿ ಶಾಲೆಯ ಬಗ್ಗೆ ಬರೆಯುವಾಗ ಇದನ್ನು ಮುಚ್ಚಿಡಬಾರದು ಎಂದು ಹೇಳುತ್ತಿದ್ದೇನೆ.

ಮನೆಯ ವಿಷಯದಲ್ಲೂ ಆಶುತೋಷರು ಗಟ್ಟಿ ಆಳು. ಹಿರಿಯ ಮಗಳು ಕಮಲಾ ಎಳೆಯ ವಯಸ್ಸಿನಲ್ಲೇ ವಿಧವೆಯಾದಳು. ಬ್ರಾಹ್ಮಣ ಸಮಾಜದ ವಿರೋಧವನ್ನು ಎದುರಿಸಿ 1908ರಲ್ಲಿ ಆಕೆಗೆ ಮರುಮದುವೆ ಮಾಡಿದರು. ಆಕೆ 1923ರಲ್ಲಿ ತೀರಿಕೊಂಡಾಗ ಆಕೆಯ ಹೆಸರಿನಲ್ಲಿ ವಿಶ್ವವಿದ್ಯಾನಿಲಯದಲ್ಲಿ ಉಪನ್ಯಾಸ ದತ್ತಿ ಇಟ್ಟರು.

1921ರಲ್ಲಿ ಅವರು ಮತ್ತೆ ಕುಲಪತಿಯಾದಾಗ ವಿಶ್ವವಿದ್ಯಾನಿಲಯದ ಬೊಕ್ಕಸ ಬರಿದಾಗಿತ್ತು. ಪ್ರೊಫೆಸರುಗಳಿಗೆ ಸಂಬಳ ಕೊಡಲೂ ಕಷ್ಟ. ಬಂಗಾಳ ಸರ್ಕಾರ ಎರಡೂವರೆ ಲಕ್ಷ ರೂಪಾಯಿ ಕೊಡಲು ಮುಂದೆ ಬಂತು, ಜೊತೆಗೆ ಲೆಕ್ಕಪತ್ರ, ಆಡಳಿತದ ಮೇಲೆ ಹಿಡಿತ ಸಾಧಿಸುವ ಷರತ್ತುಗಳ ಪಟ್ಟಿಯನ್ನೂ ಇಟ್ಟಿತು. 1922ರ ಡಿಸೆಂಬರಿನಲ್ಲಿ ಸೆನೆಟ್ ಸಭೆಯಲ್ಲಿ ಆಶುತೋಷರು ಆ ಹಣ ಬೇಡವೆಂದರು; ಬೇಕಾದರೆ ಬಂಗಾಳದ ಮನೆಮನೆಯ ಬಾಗಿಲಿಗೆ ಹೋಗಿ ಬೇಡುತ್ತೇವೆ ಎಂಬುದು ಅವರ ನಿಲುವು. ಸಂಬಳ ಬಾರದ ಮೇಷ್ಟ್ರುಗಳ ಮನೆಯಲ್ಲಿ ಆ ರಾತ್ರಿ ಏನು ಮಾತಾಯಿತೋ ಎಂಬ ಯೋಚನೆ ನನಗೆ ಬರುತ್ತದೆ. ಆದರೂ ಸೆನೆಟ್ ಅವರ ಬೆನ್ನಿಗೆ ನಿಂತಿತು.

1923ರ ಮಾರ್ಚಿನಲ್ಲಿ ಗವರ್ನರ್ ಲಾರ್ಡ್ ಲಿಟ್ಟನ್ ಒಂದು ಪತ್ರ ಬರೆದರು. ಸರ್ಕಾರಕ್ಕೆ ಎದುರು ನಿಲ್ಲುವುದನ್ನು ಬಿಟ್ಟು ಸಹಕರಿಸುವುದಾದರೆ ಇನ್ನೊಂದು ಅವಧಿಗೆ ಕುಲಪತಿ ಪದವಿ ಕೊಡುತ್ತೇವೆ ಎಂಬುದು ಅದರ ಸಾರಾಂಶ. ಆಶುತೋಷರು ಉದ್ದನೆಯ ಉತ್ತರ ಬರೆದು, ಆತ್ಮಗೌರವ ಬಿಟ್ಟು ಪಡೆಯುವ ಪದವಿ ಬೇಡವೆಂದು ತಳ್ಳಿಹಾಕಿದರು. ಪತ್ರ ಪತ್ರಿಕೆಗಳಲ್ಲಿ ಅಚ್ಚಾಗಿ ದೇಶವೆಲ್ಲ ಓದಿತು. ದಪ್ಪ ಮೀಸೆಯ ಈ ಮನುಷ್ಯನನ್ನು ಬಂಗಾಳದ ಹುಲಿ ಎಂದು ಜನ ಕರೆದದ್ದು ಸುಮ್ಮನೆ ಅಲ್ಲ.

ಹೈಕೋರ್ಟಿನಿಂದ ನಿವೃತ್ತರಾದ ಮೇಲೆ ಮತ್ತೆ ವಕೀಲಿಗೆ ಇಳಿದರು. ಡುಮ್ರಾಂವ್ ಸಂಸ್ಥಾನದ ದೊಡ್ಡ ಮೊಕದ್ದಮೆಗಾಗಿ ಪಟನಾಕ್ಕೆ ಹೋಗಿದ್ದಾಗ ಕಾಯಿಲೆ ಬಿದ್ದು, 1924ರ ಮೇ 25ರಂದು ಅಲ್ಲೇ ತೀರಿಕೊಂಡರು. ಅರವತ್ತು ತುಂಬಲು ಒಂದು ತಿಂಗಳು ಬಾಕಿಯಿತ್ತು. ದೇಹವನ್ನು ರೈಲಿನಲ್ಲಿ ಕಲ್ಕತ್ತಕ್ಕೆ ತಂದರು. ರಾಮನ್ ಪರಿಣಾಮ ಜಗತ್ತಿಗೆ ತಿಳಿದದ್ದು ಅದಾಗಿ ನಾಲ್ಕು ವರ್ಷಕ್ಕೆ, 1928ರಲ್ಲಿ.

ಬೋಸ್, ಸಹಾ ನಿಂತು ಮಾತನಾಡಿದ್ದ ಆ ಮನೆಯ ಗ್ರಂಥಾಲಯದ 80 ಸಾವಿರಕ್ಕೂ ಹೆಚ್ಚು ಪುಸ್ತಕಗಳನ್ನು ಅವರ ಮನೆಯವರು 1949ರಲ್ಲಿ ರಾಷ್ಟ್ರೀಯ ಗ್ರಂಥಾಲಯಕ್ಕೆ ಕೊಟ್ಟರು. ಗಣಿತ, ಕಾನೂನು, ಇತಿಹಾಸ, ಎಲ್ಲವೂ ಇವೆ. ಈಗಲೂ ಅವು ಕೋಲ್ಕತ್ತದಲ್ಲಿ ಅವರ ಹೆಸರಿನ ಸಂಗ್ರಹದಲ್ಲಿ ಬೇರೆಯಾಗಿಯೇ ಇವೆ.