ಡಾ. ರುಖ್ಮಾಬಾಯಿ: ಕೋರ್ಟು ಮೆಟ್ಟಿಲಿನಿಂದ ವೈದ್ಯಕೀಯ ಕಾಲೇಜಿಗೆ

ನಮ್ಮ ಮನೆಗಳಲ್ಲಿ ಹುಡುಗಿಯೊಬ್ಬಳು ಡಾಕ್ಟರ್ ಆಗುತ್ತೇನೆ ಎಂದರೆ ಈಗ ಯಾರೂ ಬೆರಗಾಗುವುದಿಲ್ಲ. ನೀಟ್ ಪರೀಕ್ಷೆ, ಕೋಚಿಂಗ್, ಫೀಸು, ಇವಿಷ್ಟೇ ನಮ್ಮ ಚಿಂತೆ. ಆದರೆ ಇದೇ ಮುಂಬಯಿಯಲ್ಲಿ ವೈದ್ಯಕೀಯ ಓದುವ ಮೊದಲು ನಾಲ್ಕು ವರ್ಷ ಕೋರ್ಟು ಅಲೆಯಬೇಕಾಗಿ ಬಂದ ಹೆಣ್ಣುಮಗಳೊಬ್ಬಳಿದ್ದಳು. ಅವರೇ ಡಾ. ರುಖ್ಮಾಬಾಯಿ. ನಮ್ಮ ದೇಶದಲ್ಲಿ ವೈದ್ಯವೃತ್ತಿ ನಡೆಸಿದ ಮೊದಲ ಕೆಲವೇ ಮಹಿಳೆಯರಲ್ಲಿ ಒಬ್ಬರು.

ರುಖ್ಮಾಬಾಯಿ ಹುಟ್ಟಿದ್ದು 1864ರಲ್ಲಿ, ಮರಗೆಲಸದ ಸುತಾರ ಸಮುದಾಯದಲ್ಲಿ. ತಂದೆ ಬೇಗ ತೀರಿಕೊಂಡರು. ತಾಯಿ ಜಯಂತೀಬಾಯಿ ಮರುಮದುವೆಯಾದರು. ಆ ಸಮುದಾಯದಲ್ಲಿ ಅದಕ್ಕೆ ಅಡ್ಡಿ ಇರಲಿಲ್ಲ. ಮಲತಂದೆ ಡಾ. ಸಖಾರಾಮ್ ಅರ್ಜುನ್ ವೈದ್ಯರು, ಸಸ್ಯಶಾಸ್ತ್ರವನ್ನೂ ಬಲ್ಲವರು. ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯನ್ನು 1883ರಲ್ಲಿ ಕಟ್ಟಿದವರಲ್ಲಿ ಅವರೂ ಒಬ್ಬರು. ಮಲತಂದೆ ಎಂದ ಕೂಡಲೇ ನಮ್ಮ ಕಥೆಗಳಲ್ಲಿ ಬರುವ ಕ್ರೂರ ಮುಖ ಇವರದಲ್ಲ. ಮಗಳ ಓದಿನ ಆಸೆಗೆ ಒತ್ತಾಸೆಯಾಗಿ ನಿಂತವರು ಇವರೇ.

ಆದರೂ ಕಾಲದ ರೂಢಿಯಂತೆ 11ನೇ ವಯಸ್ಸಿನಲ್ಲೇ ರುಖ್ಮಾಬಾಯಿಗೆ ದಾದಾಜಿ ಭಿಕಾಜಿ ಎಂಬುವರ ಜೊತೆ ಮದುವೆಯಾಯಿತು. ಮದುವೆಯಾದರೂ ಅವರು ತವರಿನಲ್ಲೇ ಉಳಿದರು. ಶಾಲೆಗೆ ಹೋಗುವುದು ನಿಂತಿತು, ಓದು ನಿಲ್ಲಲಿಲ್ಲ. ಪುಸ್ತಕ ತರಿಸಿಕೊಂಡು ಮನೆಯಲ್ಲೇ ಇಂಗ್ಲಿಷ್ ಕಲಿತರು. ಗಂಡನ ಮನೆಗೆ ಹೋಗುವುದಿಲ್ಲ ಎಂದು ಕೊನೆಗೆ ಖಂಡಿತವಾಗಿ ಹೇಳಿಬಿಟ್ಟರು. 1884ರಲ್ಲಿ ದಾದಾಜಿ ಬಾಂಬೆ ಹೈಕೋರ್ಟಿಗೆ ಹೋದರು.

1885ರ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿ ಪಿನ್ಹೆ ಅವರ ತೀರ್ಪು ರುಖ್ಮಾಬಾಯಿ ಪರವಾಗಿ ಬಂತು. ಅದನ್ನು ಕೇಳಲು ಸಖಾರಾಮ್ ಇರಲಿಲ್ಲ, ಅದೇ ವರ್ಷ ಏಪ್ರಿಲಿನಲ್ಲಿ ತೀರಿಹೋಗಿದ್ದರು. ಅಪೀಲಿನಲ್ಲಿ ಪ್ರಕರಣ ಮತ್ತೆ ವಿಚಾರಣೆಗೆ ಬಂತು. 1887ರ ಮಾರ್ಚಿನಲ್ಲಿ ತೀರ್ಪು ತಿರುವುಮುರುವಾಯಿತು: ಒಂದು ತಿಂಗಳೊಳಗೆ ಗಂಡನ ಮನೆಗೆ ಹೋಗಬೇಕು, ಇಲ್ಲವಾದರೆ ಆರು ತಿಂಗಳು ಜೈಲು. ರುಖ್ಮಾಬಾಯಿ ಜೈಲಿಗೇ ಹೋಗುತ್ತೇನೆ ಎಂದರು. ಆಗ ಅವರಿಗೆ 22 ವರ್ಷ. ದೇಶದ ಪತ್ರಿಕೆಗಳೆಲ್ಲ ಎರಡು ಪಕ್ಷವಾದವು. ಬೆಹ್ರಾಮ್‌ಜಿ ಮಲಬಾರಿ ಅವರ ಪರ ನಿಂತರೆ, ಲೋಕಮಾನ್ಯ ತಿಲಕರು ವಿರುದ್ಧವಾಗಿ ಬರೆದರು. ಕೊನೆಗೆ 1888ರಲ್ಲಿ, ದಾದಾಜಿಗೆ 2000 ರೂಪಾಯಿ ಕೊಟ್ಟು ರಾಜಿಯಾಯಿತು. ಈ ಗದ್ದಲವೆಲ್ಲ 1891ರ ಸಮ್ಮತಿ ವಯಸ್ಸಿನ ಕಾಯ್ದೆಗೂ ದಾರಿ ಮಾಡಿಕೊಟ್ಟಿತು. ಆ ಕಾಯ್ದೆ ವಯಸ್ಸನ್ನು 10ರಿಂದ 12ಕ್ಕೆ ಏರಿಸಿತು. ಅಷ್ಟಕ್ಕೇ ಅಷ್ಟು ಜಗಳ ಎಂದು ಓದಿದಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು.

ಇನ್ನು ಓದಿನ ಮಾತು. ಸಿಎಸ್‌ಎಂಟಿ ಹತ್ತಿರದ ಕಾಮಾ ಆಸ್ಪತ್ರೆ ನಮ್ಮಲ್ಲಿ ಹಲವರಿಗೆ ಗೊತ್ತು. ಹೆಂಗಸರಿಗಾಗಿ ಹೆಂಗಸರೇ ನಡೆಸುವ ಆಸ್ಪತ್ರೆ ಎಂದು 1886ರಲ್ಲಿ ಬಾಗಿಲು ತೆರೆದದ್ದು ಅದು. ಅಲ್ಲಿನ ಡಾ. ಎಡಿತ್ ಪೀಚಿ, 1869ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯಕ್ಕೆ ಸೇರಿದ ಮೊದಲ ಏಳು ಮಹಿಳೆಯರಲ್ಲಿ ಒಬ್ಬರು. ಅಲ್ಲಿ ಗಂಡು ವಿದ್ಯಾರ್ಥಿಗಳು ಗಲಾಟೆ ಎಬ್ಬಿಸಿದ್ದರು, ಕೊನೆಗೆ ವಿಶ್ವವಿದ್ಯಾಲಯ ಪದವಿಯನ್ನೇ ಕೊಡಲಿಲ್ಲ. ಆ ನೋವು ಉಂಡವರಿಗೆ ರುಖ್ಮಾಬಾಯಿಯ ಆಸೆ ಅರ್ಥವಾಗದೆ ಇದ್ದೀತೇ? ಅವರು ಬೆನ್ನಿಗೆ ನಿಂತರು. ಹಿತೈಷಿಗಳು ಹಣ ಕೂಡಿಸಿದರು. 1889ರಲ್ಲಿ ರುಖ್ಮಾಬಾಯಿ ಲಂಡನ್ ಮಹಿಳಾ ವೈದ್ಯಕೀಯ ಶಾಲೆ ಸೇರಿದರು.

ಆ ಶಾಲೆಯೂ ಹೋರಾಟದಿಂದಲೇ ಹುಟ್ಟಿದ್ದು. 1874ರಲ್ಲಿ ಅದನ್ನು ಕಟ್ಟಿದ ಸೋಫಿಯಾ ಜೆಕ್ಸ್-ಬ್ಲೇಕ್ ಕೂಡ ಎಡಿನ್‌ಬರೋದ ಆ ಏಳು ಮಂದಿಯಲ್ಲಿ ಒಬ್ಬರು. ಪಾಠ ಶಾಲೆಯಲ್ಲಿ, ರೋಗಿಗಳ ಪಕ್ಕ ನಿಂತು ಕಲಿಯುವುದು ರಾಯಲ್ ಫ್ರೀ ಆಸ್ಪತ್ರೆಯಲ್ಲಿ. ಪುಸ್ತಕ ಎಷ್ಟು ಓದಿದರೂ ವಾರ್ಡಿಗೆ ಕಾಲಿಡಲು ಬಿಡದಿದ್ದರೆ ಯಾರೂ ವೈದ್ಯರಾಗಲಾರರು. ಹಾಗಾಗಿ ಹೆಣ್ಣುಮಕ್ಕಳಿಗೆ ಬಾಗಿಲು ತೆರೆದ ಆ ಆಸ್ಪತ್ರೆಯ ಉಪಕಾರ ದೊಡ್ಡದು. ಐದು ವರ್ಷದ ಓದಿನ ನಂತರ 1894ರಲ್ಲಿ ಸ್ಕಾಟ್ಲೆಂಡಿನ ವೈದ್ಯಕೀಯ ಕಾಲೇಜುಗಳ ಪರೀಕ್ಷೆ ಪಾಸಾಗಿ ವೃತ್ತಿಯ ಪರವಾನಗಿ ಪಡೆದರು. ಬ್ರಸೆಲ್ಸ್‌ನಲ್ಲಿ ಎಂ.ಡಿ. ಕೂಡ ಮುಗಿಸಿದರು. ಸರಿಯಾದ ಶಾಲಾ ಶಿಕ್ಷಣವೇ ಇಲ್ಲದೆ ಮನೆಯಲ್ಲಿ ಕಲಿತ ಹುಡುಗಿ ಇವರು!

ಊರಿಗೆ ಮರಳಿ ಸೂರತ್ತಿನ ಮಹಿಳಾ ಆಸ್ಪತ್ರೆಯಲ್ಲಿ, ಆಮೇಲೆ ರಾಜಕೋಟೆಯ ಜನಾನಾ ಆಸ್ಪತ್ರೆಯಲ್ಲಿ ಒಟ್ಟು ಸುಮಾರು 35 ವರ್ಷ ದುಡಿದರು. ಪರಪುರುಷ ವೈದ್ಯನಿಗೆ ಕೈ ತೋರಿಸಲೂ ಹಿಂಜರಿಯುತ್ತಿದ್ದ ಹೆಂಗಸರಿಗೆ ಇಂಥ ವೈದ್ಯೆ ಎಷ್ಟು ದೊಡ್ಡ ಆಸರೆ ಎಂದು ನಾನು ಬೇರೆ ಹೇಳಬೇಕಿಲ್ಲ. ನಿವೃತ್ತಿಯ ಬಳಿಕವೂ ಪರದೆ ಪದ್ಧತಿ ಹೋಗಬೇಕೆಂದು ಕಿರುಹೊತ್ತಿಗೆ ಬರೆದರು. 1955ರ ಸೆಪ್ಟೆಂಬರ್ 25ರಂದು ಮುಂಬಯಿಯಲ್ಲಿ ಕೊನೆಯುಸಿರೆಳೆದರು, 90 ದಾಟಿದ ತುಂಬು ಬಾಳು.

ನನ್ನ ತಂಗಿಯ ಮಗಳಿಗೆ ಎಂಬಿಬಿಎಸ್ ಸೀಟು ಸಿಕ್ಕಾಗ ನೆಂಟರೊಬ್ಬರು, ಇಷ್ಟು ವರ್ಷ ಓದಿದರೆ ಮದುವೆ ಯಾವಾಗ ಎಂದು ಕೇಳಿದ್ದರು. ರುಖ್ಮಾಬಾಯಿಯವರ ಬದುಕು ಓದಿದ ಮೇಲೆ ನನಗೆ ಅನ್ನಿಸಿದ್ದು ಇದು. ಅವರ ಛಲ ದೊಡ್ಡದು, ಸುಳ್ಳಲ್ಲ. ಆದರೆ ಮಲತಂದೆಯ ಆಸರೆ, ದಾರಿ ಬಲ್ಲ ಪೀಚಿ, ಹಣ ಕೊಟ್ಟ ಅಪರಿಚಿತರು, ಇವರಲ್ಲಿ ಯಾರೊಬ್ಬರು ಹಿಂದೆ ಸರಿದಿದ್ದರೂ ಆ ಛಲ ಲಂಡನ್ ತಲುಪುವುದು ಕಷ್ಟವಿತ್ತು. ನಾವೆಲ್ಲ ರುಖ್ಮಾಬಾಯಿ ಆಗಲಾರೆವು, ಪೀಚಿಯಂತೂ ಆಗಬಹುದಲ್ಲವೇ? ಅಕ್ಕಪಕ್ಕದ ಮನೆಯಲ್ಲಿ ಓದುವ ಹುಡುಗಿಯಿದ್ದರೆ ಮದುವೆಯ ಮಾತು ಆಮೇಲೆ ಇರಲಿ. ಫೀಸಿಗೆ ಏನು ಮಾಡಿದೆ, ಪುಸ್ತಕ ಬೇಕಾ ಎಂದು ಮೊದಲು ಕೇಳೋಣ.