ವೆಂಜೆಲ್ ಯಾಮ್ನಿಟ್ಸರ್

ವೆಂಜೆಲ್ ಯಾಮ್ನಿಟ್ಸರ್ (1507 ಅಥವಾ 1508 – 19 ಡಿಸೆಂಬರ್ 1585) ಹದಿನಾರನೆಯ ಶತಮಾನದ ಜರ್ಮನಿಯ ಅಕ್ಕಸಾಲಿಗರಲ್ಲಿ ಅಗ್ರಗಣ್ಯನು. ಬೆಳ್ಳಿಯ ಸೂಕ್ಷ್ಮ ಎರಕ, ಜ್ಯಾಮಿತಿಯ ಪಾಂಡಿತ್ಯ ಹಾಗೂ ನಿಸರ್ಗದ ವಸ್ತುಗಳನ್ನು ಲೋಹದೊಡನೆ ಕೂಡಿಸುವ ಕೌಶಲಗಳಿಂದ ಅವನು ಪ್ರಸಿದ್ಧನಾದನು. ಶಿರದಿಂದ ಕೆಂಪು ಹವಳದ ಕೊಂಬೆಗಳು ಚಿಗುರುವಂತೆ ಅವನು ರಚಿಸಿದ ದಾಫ್ನೆಯ ಪ್ರತಿಮೆಯು ಯುರೋಪಿನ ಹವಳದ ಅಲಂಕಾರ ಕಲೆಯ ಶ್ರೇಷ್ಠ ಮಾದರಿಗಳಲ್ಲಿ ಒಂದಾಗಿದೆ.

ಜೀವನ

ಯಾಮ್ನಿಟ್ಸರ್ ವಿಯೆನ್ನಾದ ಅಕ್ಕಸಾಲಿಗರ ಮನೆತನದಲ್ಲಿ ಜನಿಸಿದನು. ಮುಂದೆ ನ್ಯೂರೆಂಬರ್ಗ್ ನಗರಕ್ಕೆ ಬಂದು ನೆಲೆಸಿ, 1534ರಲ್ಲಿ ಅಲ್ಲಿನ ಪೌರತ್ವವನ್ನೂ ಕಸುಬಿನಲ್ಲಿ ಗುರುಪದವಿಯನ್ನೂ ಪಡೆದನು. ಸಹೋದರ ಆಲ್ಬ್ರೆಕ್ಟ್‌ನೊಡನೆ ಕೆಲಸ ಮಾಡಿದನು. ಐದನೆಯ ಚಾರ್ಲ್ಸ್, ಒಂದನೆಯ ಫರ್ಡಿನೆಂಡ್, ಎರಡನೆಯ ಮ್ಯಾಕ್ಸಿಮಿಲಿಯನ್ ಮತ್ತು ಎರಡನೆಯ ರುಡಾಲ್ಫ್ ಎಂಬ ನಾಲ್ವರು ಚಕ್ರವರ್ತಿಗಳು ಅವನಿಂದ ಕೆಲಸ ಮಾಡಿಸಿಕೊಂಡರು. ನ್ಯೂರೆಂಬರ್ಗ್‌ನ ಆಡಳಿತವು ಶ್ರೀಮಂತ ಮನೆತನಗಳ ಹಿಡಿತದಲ್ಲಿದ್ದು, ಕುಶಲಕರ್ಮಿಗಳಿಗೆ ಕೆಲವೇ ಸ್ಥಾನಗಳು ಮೀಸಲಾಗಿದ್ದವು. 1573ರಲ್ಲಿ ಅಂಥದೊಂದು ಸ್ಥಾನ ಅವನಿಗೆ ದೊರೆಯಿತು.

1568ರಲ್ಲಿ ಅವನು ಐದು ಸಮಘನಾಕೃತಿಗಳನ್ನು ಕುರಿತ ಗ್ರಂಥವನ್ನು ಪ್ರಕಟಿಸಿದನು. ಅದರ ಚಿತ್ರಗಳನ್ನು ಯೋಸ್ಟ್ ಅಮ್ಮಾನ್ ಕೊರೆದನು. ಪ್ರತಿಯೊಂದು ಆಕೃತಿಗೂ 24 ರೂಪಭೇದಗಳಂತೆ ಒಟ್ಟು 120 ಚಿತ್ರಗಳು ಅದರಲ್ಲಿವೆ. ಆಭರಣ ಮಾಡುವವನೊಬ್ಬ ಇಂಥ ಗ್ರಂಥ ರಚಿಸಿದ್ದು ಇಂದು ಅಚ್ಚರಿಯೆನಿಸಬಹುದು; ಆ ಕಾಲದ ನ್ಯೂರೆಂಬರ್ಗ್‌ನಲ್ಲಿ ಕಸುಬು ಮತ್ತು ಗಣಿತ ಒಂದಕ್ಕೊಂದು ದೂರವಿರಲಿಲ್ಲ.

ಎರಕದ ವಿಧಾನ

ಹಲ್ಲಿ, ಕೀಟ, ಹುಲ್ಲಿನ ಎಸಳು ಮೊದಲಾದವುಗಳ ಯಥಾವತ್ ರೂಪವನ್ನು ಬೆಳ್ಳಿಯಲ್ಲಿ ತರುವುದರಲ್ಲಿ ಯಾಮ್ನಿಟ್ಸರ್ ಸಿದ್ಧಹಸ್ತನಾಗಿದ್ದನು. ಸತ್ತ ಜೀವಿಯನ್ನು ಬೇಕಾದ ಭಂಗಿಯಲ್ಲಿರಿಸಿ ಸುತ್ತಲೂ ನುಣುಪಾದ ಅಚ್ಚಿನ ಗಾರೆಯನ್ನು ತುಂಬಿ ಸುಡಲಾಗುತ್ತಿತ್ತು. ಒಳಗಿನ ದೇಹ ಬೂದಿಯಾಗಿ ಉಳಿದ ಪೊಳ್ಳಿಗೆ ಕರಗಿದ ಬೆಳ್ಳಿಯನ್ನು ಎರೆಯಲಾಗುತ್ತಿತ್ತು. ಅಚ್ಚನ್ನು ಒಡೆದೇ ಎರಕವನ್ನು ಹೊರತೆಗೆಯಬೇಕಾದ್ದರಿಂದ ಅದು ಮತ್ತೊಮ್ಮೆ ಬಳಕೆಗೆ ಬಾರದು.

ದಾಫ್ನೆ ಮತ್ತು ಹವಳ

ಗ್ರೀಕ್ ಪುರಾಣದ ಪ್ರಕಾರ ಅಪೊಲೊ ದೇವನು ಬೆನ್ನಟ್ಟಿದಾಗ ದಾಫ್ನೆ ಎಂಬ ಕನ್ಯೆ ಲಾರೆಲ್ ಮರವಾಗಿ ಮಾರ್ಪಡುತ್ತಾಳೆ. ಚಿನ್ನದ ಮುಲಾಮಿನ ಬೆಳ್ಳಿಯ ಪ್ರತಿಮೆಯಲ್ಲಿ ಯಾಮ್ನಿಟ್ಸರ್ ಮರದ ಕೊಂಬೆಗಳ ಸ್ಥಾನದಲ್ಲಿ ಹವಳವನ್ನಿಟ್ಟನು. ಈ ಆಯ್ಕೆ ಕೇವಲ ಬಣ್ಣಕ್ಕಾಗಿ ಆದದ್ದಲ್ಲ. ನೀರಿನೊಳಗೆ ಮೃದುವಾದ ಗಿಡವಾಗಿದ್ದು ಗಾಳಿ ತಾಕಿದೊಡನೆ ಕಲ್ಲಾಗುವ ವಸ್ತುವೇ ಹವಳ ಎಂದು ಅಂದಿನವರು ನಂಬಿದ್ದರು. ಅದು ಪ್ರಾಣಿಗಳಿಂದ ಆದದ್ದೆಂಬುದನ್ನು ಫ್ರಾನ್ಸಿನ ಪೆಸೊನೆಲ್ ತೋರಿಸಿದ್ದು ಹದಿನೆಂಟನೆಯ ಶತಮಾನದಲ್ಲಿ. ಹೀಗೆ ರೂಪಾಂತರದ ಕಥೆಯನ್ನು ಹೇಳಲು, ಸ್ವತಃ ರೂಪಾಂತರ ಹೊಂದಿದ್ದೆಂದು ಭಾವಿಸಲಾದ ವಸ್ತುವೇ ಒದಗಿತು.

ಮೆಡಿಟರೇನಿಯನ್ ಸಮುದ್ರದ ಕೆಂಪು ಹವಳ ಪ್ರಾಚೀನ ಕಾಲದಿಂದಲೂ ಭಾರತಕ್ಕೆ ರಫ್ತಾಗುತ್ತಿತ್ತು. ನಮ್ಮ ನವರತ್ನಗಳಲ್ಲಿಯೂ ಹವಳಕ್ಕೆ ಸ್ಥಾನವಿದೆ. ಸಿಸಿಲಿಯ ತ್ರಾಪಾನಿಯ ಕುಶಲಿಗಳು ಅದನ್ನು ಸಣ್ಣ ತುಣುಕುಗಳಾಗಿ ಕೆತ್ತಿ, ಮುಲಾಮಿನ ತಾಮ್ರದ ತಗಡಿನಲ್ಲಿ ಕೂಡಿಸುತ್ತಿದ್ದರು. ಯಾಮ್ನಿಟ್ಸರ್ ಕೊಂಬೆಯನ್ನು ಕೆತ್ತದೆ, ಅದರ ಸಹಜ ಕವಲುಗಳಿಗೆ ಒಪ್ಪುವಂತೆ ಆಕೃತಿಯನ್ನೇ ರೂಪಿಸಿದನು. ಉಳಿಯ ಗುರುತಿಲ್ಲದಿರುವುದೇ ಇಲ್ಲಿನ ಹೆಚ್ಚುಗಾರಿಕೆ. ಹವಳವು ಸುಣ್ಣದ ಅಂಶದಿಂದಾದ, ಶಾಖ ತಡೆಯದ ವಸ್ತು. ಆದುದರಿಂದ ಬೆಸುಗೆ ಮತ್ತು ಮುಲಾಮಿನ ಕೆಲಸ ಮುಗಿದ ಬಳಿಕವೇ ಅದನ್ನು ಕೂರಿಸಬೇಕು.

ಈ ಪ್ರತಿಮೆ ಪ್ಯಾರಿಸ್ ಸಮೀಪದ ಎಕುಆನ್ ಕೋಟೆಯ ವಸ್ತುಸಂಗ್ರಹಾಲಯದಲ್ಲಿದೆ. ಅವನ ಮಗ ಅಬ್ರಹಾಂ ಇದನ್ನನುಸರಿಸಿ ಮಾಡಿದ ಇನ್ನೊಂದು ದಾಫ್ನೆ ಡ್ರೆಸ್ಡೆನ್‌ನಲ್ಲಿದೆ. ಎರಡರ ಬೆಳ್ಳಿಯ ಆಕೃತಿಗಳೂ ಒಂದನ್ನೊಂದು ಬಹುವಾಗಿ ಹೋಲುತ್ತವೆ. ಹವಳದ ಕವಲುಗಳು ಮಾತ್ರ ಬೇರೆ ಬೇರೆ, ಏಕೆಂದರೆ ಎರಕದಂತೆ ಅವನ್ನು ಮರಳಿ ಮಾಡಲಾಗದು.

ಅಳಿದವು, ಉಳಿದವು

ಬೆಳ್ಳಿಬಂಗಾರದ ಕೃತಿಗಳಿಗೆ ಕುಲುಮೆಯೇ ಶತ್ರು. ಮ್ಯಾಕ್ಸಿಮಿಲಿಯನ್ನನ ಅಪೇಕ್ಷೆಯಂತೆ ಆರಂಭವಾಗಿ ರುಡಾಲ್ಫನ ಕಾಲದಲ್ಲಿ ಮುಗಿದ, ಸುಮಾರು ಮೂರು ಮೀಟರ್ ಎತ್ತರದ ಕಾರಂಜಿಯನ್ನು ಹದಿನೆಂಟನೆಯ ಶತಮಾನದಲ್ಲಿ ಕರಗಿಸಲಾಯಿತು. ಅದರ ತಳದಲ್ಲಿದ್ದ ನಾಲ್ಕು ಋತುಗಳ ಪ್ರತಿಮೆಗಳು ಕಂಚಿನವಾದ್ದರಿಂದ ಉಳಿದು, ವಿಯೆನ್ನಾದಲ್ಲಿವೆ.

1549ರಲ್ಲಿ ಪೂರ್ಣಗೊಂಡ, ಭೂದೇವಿಯು ಬಟ್ಟಲನ್ನು ಹೊತ್ತಂತಿರುವ ಊಟದ ಮೇಜಿನ ಅಲಂಕಾರಕ್ಕೂ ಇದೇ ಗತಿ ಒದಗಲಿತ್ತು. ಸಾಲದಲ್ಲಿ ಮುಳುಗಿದ್ದ ನಗರವು ತನ್ನ ಬೆಳ್ಳಿಯನ್ನು ಮಾರತೊಡಗಿದಾಗ, 1806ರಲ್ಲಿ ವರ್ತಕ ಪಾಲ್ ವೋಲ್ಫ್‌ಗಾಂಗ್ ಮೆರ್ಕೆಲ್ ಅದನ್ನು ಕೊಂಡು ಉಳಿಸಿದನು. ಇಂದಿಗೂ ಅದು ಮೆರ್ಕೆಲನ ಹೆಸರಿನಿಂದಲೇ ಪ್ರಸಿದ್ಧವಾಗಿದ್ದು, ಆಮ್‌ಸ್ಟರ್‌ಡಾಮಿನ ರೈಕ್ಸ್ ವಸ್ತುಸಂಗ್ರಹಾಲಯದಲ್ಲಿದೆ.