ಕ್ಲಾಸಿನೊಳಗೊಂದು ಕ್ಲಾಸ್: ಕ್ರಿಸ್ಟನ್ ನೈಗಾರ್ಡ್ ತೋರಿಸಿದ ದಾರಿ

ಪ್ರೋಗ್ರಾಮಿಂಗ್ ಕಲಿಯುವವರಲ್ಲಿ ಒಂದು ತಪ್ಪು ತಿಳಿವಳಿಕೆ ಆಗಾಗ ಕಾಣುತ್ತದೆ. ಒಂದು ಕ್ಲಾಸಿನೊಳಗೆ ಇನ್ನೊಂದು ಕ್ಲಾಸ್ ಬರೆದರೆ, ಅಂದರೆ 'ನೆಸ್ಟೆಡ್ ಕ್ಲಾಸ್' ಮಾಡಿದರೆ, ಒಳಗಿನದು ಮಗುವಿನಂತೆ ಹೊರಗಿನದರ ಗುಣಗಳನ್ನೆಲ್ಲ ಪಡೆಯುತ್ತದೆ ಎನ್ನುವ ನಂಬಿಕೆ ಅದು. ಇದು ನಿಜವಲ್ಲ. ಏಕೆ ಎಂದು ತಿಳಿಯಲು, ಕ್ಲಾಸ್ ಎಂಬ ಪರಿಕಲ್ಪನೆಯನ್ನು ರೂಪಿಸಿದ ಇಬ್ಬರಲ್ಲಿ ಒಬ್ಬರಾದ ಕ್ರಿಸ್ಟನ್ ನೈಗಾರ್ಡ್ ಅವರ ಕತೆ ಕೇಳಬೇಕು.

ನೈಗಾರ್ಡ್ ಹುಟ್ಟಿದ್ದು 1926ರ ಆಗಸ್ಟ್ 27ರಂದು, ನಾರ್ವೆಯ ಓಸ್ಲೋದಲ್ಲಿ. 1948ರಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಯಲ್ಲಿ ಲೆಕ್ಕಾಚಾರದ ಕೆಲಸಕ್ಕೆ ಸೇರಿದ ಅವರು, 1960ರಲ್ಲಿ ನಾರ್ವೇಜಿಯನ್ ಕಂಪ್ಯೂಟಿಂಗ್ ಸೆಂಟರ್‌ಗೆ ಬಂದರು. ನಿಜ ಜಗತ್ತಿನ ಸರತಿ ಸಾಲು, ಯಂತ್ರ, ಗ್ರಾಹಕರನ್ನು ಕಂಪ್ಯೂಟರಿನಲ್ಲಿ ಅನುಕರಿಸಿ ನೋಡುವುದು ಅವರ ಆಸೆ. ಗೆಳೆಯ ಓಲೆ-ಯೋಹಾನ್ ಡಾಲ್ ಜೊತೆ ಸೇರಿ ಅದಕ್ಕಾಗಿ ರೂಪಿಸಿದ ಭಾಷೆಯೇ ಸಿಮುಲಾ. ಕರಿಹಲಗೆಯ ಮುಂದೆ ಇವರಿಬ್ಬರ ಚರ್ಚೆ ಎಷ್ಟು ಜೋರಾಗಿತ್ತೆಂದರೆ, ಹೊಸದಾಗಿ ಸೇರಿದ ಉದ್ಯೋಗಿಯೊಬ್ಬರು ಜಗಳವೆಂದೇ ಗಾಬರಿಯಾಗಿದ್ದರಂತೆ!

1967ರ ಸಿಮುಲಾದಲ್ಲಿ ಕ್ಲಾಸ್, ಆಬ್ಜೆಕ್ಟ್, ಇನ್‌ಹೆರಿಟೆನ್ಸ್ ಎಲ್ಲವೂ ಬಂದವು. ಕ್ಲಾಸಿನೊಳಗೆ ಕ್ಲಾಸ್ ಬರೆಯುವ ಸೌಲಭ್ಯವೂ ಬಂತು. ಆಲ್ಗಾಲ್ 60 ಭಾಷೆಯಲ್ಲಿ ಒಂದು ಬ್ಲಾಕಿನೊಳಗೆ ಮತ್ತೊಂದು ಬ್ಲಾಕ್ ಇರಬಹುದಿತ್ತು. ಸಿಮುಲಾ ಬೆಳೆದದ್ದು ಅದರ ಮೇಲೆಯೇ.

ಬ್ಯಾಂಕ್ ಶಾಖೆಯ ಉದಾಹರಣೆ ನೋಡೋಣ. 'ಶಾಖೆ' ಎಂಬ ಕ್ಲಾಸಿನೊಳಗೆ 'ಕೌಂಟರ್' ಎಂಬ ಕ್ಲಾಸ್ ಇದೆ. ಎರಡು ಶಾಖೆಗಳನ್ನು ಸೃಷ್ಟಿಸಿದರೆ, ಪ್ರತಿ ಕೌಂಟರೂ ತನ್ನ ಶಾಖೆಗೇ ಸೇರಿದ್ದು, ಅಲ್ಲಿನ ಸರತಿ ಸಾಲನ್ನೇ ಕಾಣುತ್ತದೆ. ಆದರೆ ಕೌಂಟರ್ ಒಂದು ಬಗೆಯ ಶಾಖೆಯಲ್ಲ! ಉಳಿತಾಯ ಖಾತೆ ಒಂದು ಬಗೆಯ ಖಾತೆ, ಅದು ಇನ್‌ಹೆರಿಟೆನ್ಸ್. ನೆಸ್ಟಿಂಗ್ ಹೇಳುವುದು ಯಾವುದು ಎಲ್ಲಿಗೆ ಸೇರಿದ್ದು ಎನ್ನುವುದನ್ನು ಮಾತ್ರ.

ಮುಂದೆ ಡೆನ್ಮಾರ್ಕಿನ ಸಂಶೋಧಕರೊಡನೆ ರೂಪಿಸಿದ ಬೀಟಾ ಭಾಷೆಯಲ್ಲಿ ನೈಗಾರ್ಡ್ ಈ ವಿಚಾರವನ್ನು ಇನ್ನಷ್ಟು ಬೆಳೆಸಿದರು. ನಂತರದ ಭಾಷೆಗಳು ಬೇರೆ ಬೇರೆ ದಾರಿ ಹಿಡಿದವು. 1997ರಲ್ಲಿ ಜಾವಾ ಭಾಷೆಗೆ ಸೇರಿದ ಇನ್ನರ್ ಕ್ಲಾಸಿನ ಆಬ್ಜೆಕ್ಟ್ ತನ್ನ ಹೊರಗಿನ ಆಬ್ಜೆಕ್ಟಿನ ಕೊಂಡಿಯನ್ನು ಸದ್ದಿಲ್ಲದೆ ಇಟ್ಟುಕೊಳ್ಳುತ್ತದೆ; 'ಸ್ಟ್ಯಾಟಿಕ್' ಎಂದು ಬರೆದರೆ ಆ ಕೊಂಡಿ ಇರುವುದಿಲ್ಲ. ಸಿ++ ಮತ್ತು ಪೈಥಾನ್‌ಗಳಲ್ಲಿ ಅಂತಹ ಕೊಂಡಿ ತಾನಾಗಿ ಹುಟ್ಟುವುದೇ ಇಲ್ಲ. ಇದು ಬರಿಯ ಸಿದ್ಧಾಂತವಲ್ಲ: ಆಂಡ್ರಾಯ್ಡ್ ಆ್ಯಪ್‌ನಲ್ಲಿ ಇಂತಹ ಕೊಂಡಿಯಿಂದಾಗಿ, ಮುಚ್ಚಿದ ಪರದೆಯೂ ಮೆಮೊರಿಯಲ್ಲೇ ಉಳಿದುಬಿಡಬಹುದು.

ಯಾವುದು ಯಾರಿಗೆ ಸೇರಿದ್ದು ಎಂಬ ಪ್ರಶ್ನೆಯನ್ನು ನೈಗಾರ್ಡ್ ಪ್ರೋಗ್ರಾಮಿನಾಚೆಗೂ ಕೇಳಿದರು. ಕೆಲಸದ ಜಾಗದ ಇಂತಹ ಮಾದರಿಗಳು ಕಾರ್ಮಿಕರ ಮೇಲಿನ ಹಿಡಿತವನ್ನು ಬಿಗಿಗೊಳಿಸಬಹುದೆಂದು ಅವರಿಗೆ ಅನ್ನಿಸಿತ್ತು. ಹಾಗಾಗಿ 1970ರ ದಶಕದಲ್ಲಿ ನಾರ್ವೆಯ ಕಬ್ಬಿಣ ಮತ್ತು ಲೋಹ ಕಾರ್ಮಿಕರ ಸಂಘದ ಜೊತೆ ಕೆಲಸಮಾಡಿ, ತಂತ್ರಜ್ಞಾನವನ್ನು ಅರಿತು ಅದರ ಬಗ್ಗೆ ದನಿಯೆತ್ತಲು ಕಾರ್ಮಿಕರಿಗೆ ನೆರವಾದರು.

ಡಾಲ್ ಮತ್ತು ನೈಗಾರ್ಡ್ ಇಬ್ಬರಿಗೂ 2001ರ ಟ್ಯೂರಿಂಗ್ ಪ್ರಶಸ್ತಿ ಸಂದಿತು. 2002ರ ಜೂನ್ 29ರಂದು ಡಾಲ್ ತೀರಿಕೊಂಡರು. ಆಗಸ್ಟ್ 10ರಂದು ನೈಗಾರ್ಡ್ ಕೂಡ.

ಮುಂದಿನ ಸಲ ಕ್ಲಾಸಿನೊಳಗೆ ಕ್ಲಾಸ್ ಬರೆಯುವಾಗ ಎರಡು ಪ್ರಶ್ನೆ ಕೇಳಿಕೊಳ್ಳಿ. ಒಳಗಿನ ಆಬ್ಜೆಕ್ಟಿಗೆ ಹೊರಗಿನದು ನಿಜಕ್ಕೂ ಬೇಕೆ? ನೀವು ಬಳಸುತ್ತಿರುವ ಭಾಷೆ ಆ ನಂಟನ್ನು ತಾನಾಗಿಯೇ ಉಳಿಸಿಕೊಡುತ್ತದೆಯೆ?